ಮುಚ್ಚಳ ತೆಗೆಯದ ಜೇನು

ನೊಣಗಳು ಮೇಣದ ಕೋಶಗಳಲ್ಲಿ ತುಂಬಿ ಮುಚ್ಚಳ ಹಾಕಿದ ಜೇನನ್ನು ಹಿಂಡದೆ, ಯಂತ್ರದಲ್ಲಿ ತಿರುಗಿಸದೆ, ಎರಿಯ ತುಂಡಿನ ಜೊತೆಗೇ ಕತ್ತರಿಸಿ ತಿನ್ನುವುದಾದರೆ ಅದು ಎರಿಜೇನು. ಹಿತ್ತಿಲಲ್ಲಿ ಎರಡು ಮೂರು ಪೆಟ್ಟಿಗೆ ಇಟ್ಟುಕೊಂಡ ಹವ್ಯಾಸಿಗೆ ಇದರಷ್ಟು ಒಗ್ಗುವ ಫಸಲು ಇನ್ನೊಂದಿಲ್ಲ. ಜೇನು ತೆಗೆಯುವ ಯಂತ್ರ ಬೇಡ, ಸೋಸುವ ಬಟ್ಟೆ ಬೇಡ, ಅಂಟಂಟಾದ ಪಾತ್ರೆಗಳನ್ನು ರಾಶಿ ಹಾಕಿಕೊಂಡು ತೊಳೆಯುವ ಕೆಲಸವೂ ಇಲ್ಲ. ಹರಿತವಾದ ಚಾಕು, ತಂತಿಯ ಜಾಲರಿ, ಅಗಲವಾದ ತಟ್ಟೆ, ಬಿಗಿ ಮುಚ್ಚಳದ ಡಬ್ಬಿ ಇದ್ದರೆ ಸಾಕು. ಆದರೆ ಸಲಕರಣೆ ಕಡಿಮೆ ಎಂದಮಾತ್ರಕ್ಕೆ ಕೆಲಸ ಹಗುರವಲ್ಲ. ಚಾಕು ಹಿಡಿಯುವ ದಿನ ಬರುವಷ್ಟರಲ್ಲಿ ಎರಿಯ ಗುಣ ಹೆಚ್ಚುಕಡಿಮೆ ನಿರ್ಧಾರವಾಗಿಬಿಟ್ಟಿರುತ್ತದೆ. ಮುಖ್ಯವಾದ ಕೆಲಸವೆಲ್ಲ ಅದಕ್ಕಿಂತ ಒಂದೆರಡು ತಿಂಗಳು ಮೊದಲಿನದು.

ಜೇನನ್ನು ಎರಿಯಿಂದ ಬೇರ್ಪಡಿಸಿ ಬಾಟಲಿಗೆ ತುಂಬುವ ಪದ್ಧತಿ ಈಗಿನ ಪ್ರಮಾಣಕ್ಕೆ ಬೆಳೆದದ್ದು ಕಳೆದ ಒಂದೂವರೆ ಶತಮಾನದಲ್ಲಿ. ಅಮೆರಿಕದ ಪಾದ್ರಿ ಲಾರೆಂಜೊ ಲಾಂಗ್‌ಸ್ಟ್ರಾತ್ 1851ರಲ್ಲಿ ಒಂದು ಸಂಗತಿಯ ಉಪಯೋಗ ಕಂಡುಕೊಂಡ: ಸುಮಾರು ಎಂಟು ಒಂಬತ್ತು ಮಿಲಿಮೀಟರಿನ ಸಂದನ್ನು ನೊಣಗಳು ಮೇಣದಿಂದ ಮುಚ್ಚದೆ ಓಡಾಟದ ದಾರಿಯಾಗಿ ಬಿಟ್ಟುಕೊಳ್ಳುತ್ತವೆ. ಎರಿಗಳನ್ನು ಚೌಕಟ್ಟು ಸಮೇತ ಎತ್ತಿ ನೋಡಿ ಮತ್ತೆ ಇಡಬಹುದಾದ ಪೆಟ್ಟಿಗೆ ಹುಟ್ಟಿದ್ದು ಈ ಲೆಕ್ಕದ ಮೇಲೆ. 1865ರಲ್ಲಿ ಆಸ್ಟ್ರಿಯಾದ ಸೇನಾಧಿಕಾರಿ ಫ್ರಾಂಜ್ ಹ್ರುಷ್ಕಾ ಎರಿಯನ್ನು ಗಿರಗಿರನೆ ತಿರುಗಿಸಿ ಜೇನನ್ನು ಹೊರಕ್ಕೆ ಚಿಮ್ಮಿಸುವ ಯಂತ್ರ ತೋರಿಸಿದ. ಅಲ್ಲಿಗೆ ಎರಿಜೇನಿನ ಕಾಲ ಮುಗಿಯಬೇಕಿತ್ತು. ಆದದ್ದು ಬೇರೆ. ಬಾಟಲಿಯ ಜೇನಿಗೆ ಅಗ್ಗದ ಗ್ಲೂಕೋಸ್ ಪಾಕ ಬೆರೆಸುವ ದಂಧೆ ಅಮೆರಿಕದಲ್ಲಿ ಎಷ್ಟು ಹಬ್ಬಿತೆಂದರೆ, ಜನ ನಂಬಿ ಕೊಳ್ಳುತ್ತಿದ್ದದ್ದು ಎರಿಯನ್ನು ಮಾತ್ರ. ಬಾಸ್‌ವುಡ್ ಎಂಬ ಮೆದು ಮರದ ತೆಳುಪಟ್ಟಿಯನ್ನು ಮಡಚಿ ಮಾಡಿದ ನಾಲ್ಕೂಕಾಲು ಇಂಚಿನ ಚೌಕಗಳಲ್ಲಿ ನೊಣಗಳಿಂದಲೇ ಎರಿ ಕಟ್ಟಿಸಿ, ಚೌಕ ಸಮೇತ ಅಂಗಡಿಗೆ ಕಳಿಸುತ್ತಿದ್ದರು.

ಈ ನಂಬಿಕೆಗೂ ಒಮ್ಮೆ ಪೆಟ್ಟು ಬಿತ್ತು. ಹಾರ್ವಿ ವೈಲಿ ಎಂಬ ರಸಾಯನಶಾಸ್ತ್ರಜ್ಞ 1881ರಲ್ಲಿ ‘ಪಾಪ್ಯುಲರ್ ಸೈನ್ಸ್ ಮಂತ್ಲಿ’ಯಲ್ಲಿ ಬರೆಯುತ್ತ, ಪ್ಯಾರಾಫಿನ್‌ನಿಂದ ಎರಿ ಅಚ್ಚು ಹಾಕಿ, ಗ್ಲೂಕೋಸ್ ತುಂಬಿ, ಮುಚ್ಚಳ ಹಾಕಿ ಮಾರುತ್ತಾರೆ ಎಂದುಬಿಟ್ಟ. ಆಮೇಲೆ ಅದೊಂದು ತಮಾಷೆ ಎಂದರೂ ಸುದ್ದಿ ಪತ್ರಿಕೆಯಿಂದ ಪತ್ರಿಕೆಗೆ ಹಾರಿ ಆಗಿತ್ತು. ಅಂಥ ನಕಲಿ ಎರಿ ತೋರಿಸಿದವರಿಗೆ ಸಾವಿರ ಡಾಲರ್ ಕೊಡುತ್ತೇನೆಂದು ಒಹಾಯೊದ ಜೇನು ಸಲಕರಣೆ ತಯಾರಕ ಎ. ಐ. ರೂಟ್ ಸವಾಲು ಹಾಕಿದ; ಹಣ ಕೇಳಲು ಯಾರೂ ಬರಲಿಲ್ಲ. ಕಲಬೆರಕೆ ತಡೆಯುವ ಅಮೆರಿಕದ 1906ರ ಆಹಾರ ಕಾಯ್ದೆಗೆ ಮುಂದೆ ನಿಂತು ಹೋರಾಡಿದವನೂ ಇದೇ ವೈಲಿ. ಆ ಕಾಯ್ದೆ ಬಂದ ಮೇಲೆ ಬಾಟಲಿಯ ಜೇನಿನ ಮೇಲೆ ಜನರಿಗೆ ಭರವಸೆ ಮೂಡಿತು, ಎರಿಜೇನು ನಿಧಾನವಾಗಿ ದೊಡ್ಡ ಕೃಷಿಕರ ಕೈಬಿಟ್ಟು ಹವ್ಯಾಸಿಗಳ ಪಾಲಾಯಿತು.

ಕರ್ನಾಟಕದ ಮಲೆನಾಡು, ಕೊಡಗು, ಕರಾವಳಿಯ ಹವ್ಯಾಸಿಗಳು ಸಾಕುವುದು ಹೆಚ್ಚಾಗಿ ತುಡುವೆ ಜೇನು. ಹೆಜ್ಜೇನು ಮತ್ತು ಕೋಲುಜೇನು ಬಯಲಲ್ಲಿ ಒಂದೇ ಎರಿ ಕಟ್ಟುವ ಜಾತಿಗಳು, ಪೆಟ್ಟಿಗೆಗೆ ಬರುವುದಿಲ್ಲ. ಮುಜಂಟಿ ಎರಿಯನ್ನೇ ಕಟ್ಟುವುದಿಲ್ಲ. ಅದರ ಜೇನು ಅಂಟು ಮಿಶ್ರಿತ ಮೇಣದ ಪುಟ್ಟ ಗಡಿಗೆಗಳಲ್ಲಿರುತ್ತದೆ. ತುಡುವೆಯಾದರೋ ಪೊಟರೆ, ಹುತ್ತಗಳಂಥ ಕತ್ತಲ ಜಾಗದಲ್ಲಿ ಸಾಲಾಗಿ ಹಲವು ಎರಿ ಕಟ್ಟಿಕೊಳ್ಳುವ ನೊಣ, ಹಾಗಾಗಿ ಪೆಟ್ಟಿಗೆಗೆ ಹೊಂದಿಕೊಳ್ಳುತ್ತದೆ. ಅದರ ಗಾತ್ರಕ್ಕೆ ತಕ್ಕ ಪೆಟ್ಟಿಗೆಯನ್ನು 1910ರ ಸುಮಾರಿಗೆ ತಿರುಚಿನಾಪಳ್ಳಿಯಲ್ಲಿ ರೂಪಿಸಿದವರು ರೆವರೆಂಡ್ ನ್ಯೂಟನ್. ದಕ್ಷಿಣದ ಹಳ್ಳಿಗಳಲ್ಲಿ ಈಗಲೂ ಕಾಣುವುದು ಬಹುಪಾಲು ಅದೇ ಮಾದರಿ. ಕೆಳಗೆ ರಾಣಿ ಮೊಟ್ಟೆಯಿಡುವ ಸಂಸಾರ ಕೋಣೆ. ಅದರ ಮೇಲೆ ಎತ್ತರದಲ್ಲಿ ಅರ್ಧಕ್ಕಿಂತ ತುಸು ಕಡಿಮೆಯ ಜೇನು ಕೋಣೆ, ಬಾಯಿಮಾತಿನಲ್ಲಿ ಸೂಪರ್.

ಎರಿಜೇನಿನ ದೃಷ್ಟಿಯಿಂದ ಈ ಪೆಟ್ಟಿಗೆ ಅದೃಷ್ಟದ್ದೇ. ಜೇನು ಕೋಣೆಯ ಚೌಕಟ್ಟು ಸುಮಾರು 20 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಆಳ. ಅಷ್ಟು ಆಳದ ಎರಿ ತನ್ನ ಭಾರಕ್ಕೆ ತಾನೇ ಹರಿದು ಬೀಳುವ ಭಯವಿಲ್ಲ, ಆದ್ದರಿಂದ ಆಧಾರಕ್ಕೆ ತಂತಿ ಬಿಗಿಯಬೇಕಿಲ್ಲ. ತಂತಿ ಇಲ್ಲದಿದ್ದರೆ ಚಾಕು ಸರಾಗವಾಗಿ ಹೋಗುತ್ತದೆ. ಚೆನ್ನಾಗಿ ತುಂಬಿದ ಒಂದು ಚೌಕಟ್ಟಿನಿಂದ ಮುನ್ನೂರು ನಾನ್ನೂರು ಗ್ರಾಂ ತೂಗುವ ಎರಿ ಸಿಗುತ್ತದೆ. ಒಂದು ಮನೆಗೆ ವಾರಕ್ಕೆ ಸಾಕು. ತುಡುವೆಯ ಇನ್ನೊಂದು ಅನುಕೂಲವೆಂದರೆ ಅದು ಯುರೋಪಿನ ಮೆಲ್ಲಿಫೆರಾ ನೊಣದ ಹಾಗೆ ಮರದ ಅಂಟು ತಂದು ಸಂದುಗೊಂದುಗಳಿಗೆ ಮೆತ್ತುವುದಿಲ್ಲ. ಚೌಕಟ್ಟುಗಳು ಪೆಟ್ಟಿಗೆಗೆ ಕಚ್ಚಿಕೊಳ್ಳುವುದು ಕಡಿಮೆ, ಎರಿಯ ಮೇಲೆ ಕಂದು ಅಂಟಿನ ಕಲೆ ಇರುವುದಿಲ್ಲ. ಅನನುಕೂಲ ಅದರ ಸ್ವಭಾವದಲ್ಲಿದೆ. ಪದೇ ಪದೇ ಮುಚ್ಚಳ ತೆಗೆದು ಕೆಣಕಿದರೆ, ಇರುವೆ ಕಾಟ ಕೊಟ್ಟರೆ, ಹೊಟ್ಟೆಗೆ ಸಾಲದೆ ಹೋದರೆ ತುಡುವೆ ಇಡೀ ಸಂಸಾರ ಕಟ್ಟಿಕೊಂಡು ಗೂಡು ಬಿಟ್ಟು ಹೋಗಿಬಿಡುತ್ತದೆ.

ಎರಿ ಮಾಡುವ ಮೇಣ ಹೊರಗಿನಿಂದ ತಂದದ್ದಲ್ಲ, ನೊಣದ ಮೈಯಿಂದಲೇ ಬರುವಂಥದ್ದು. ಎರಡು ವಾರ ವಯಸ್ಸಿನ ಆಸುಪಾಸಿನ ಕೆಲಸಗಾರ ನೊಣಗಳ ಹೊಟ್ಟೆಯ ಅಡಿಯಲ್ಲಿ ನಾಲ್ಕು ಜೊತೆ ಮೇಣದ ಗ್ರಂಥಿಗಳು ಚುರುಕಾಗಿರುತ್ತವೆ. ಅವುಗಳಿಂದ ಒಸರುವ ದ್ರವ ಗಾಳಿ ತಾಗಿದೊಡನೆ ಅಭ್ರಕದ ಚೂರಿನಂತೆ ಪಾರಕವಾದ ಪುಟ್ಟ ಹಾಳೆಯಾಗುತ್ತದೆ. ನೊಣ ಅದನ್ನು ಹಿಂಗಾಲಿನಿಂದ ಕಿತ್ತು ಮುಂದಕ್ಕೆ ದಾಟಿಸಿ, ದವಡೆಯಲ್ಲಿ ಜಗಿದು, ಬೇಕಾದ ಕಡೆ ಮೆತ್ತುತ್ತದೆ. ಒಂದು ಗ್ರಾಂ ಮೇಣಕ್ಕೆ ಇಂಥ ಸಾವಿರದಷ್ಟು ಹಾಳೆ ಬೇಕು. ಕೋಶದ ಗೋಡೆ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತಲೂ ತೆಳು. ಹೊಸ ಎರಿ ಬಾಯಲ್ಲಿ ಕರಗಿದಂತೆ ಅನಿಸುವುದಕ್ಕೆ ಕಾರಣ ಆ ತೆಳುತನವೇ ಹೊರತು ಮೇಣ ಬಾಯಲ್ಲಿ ಕರಗುವುದಿಲ್ಲ. ಅದು ಕರಗಲು 62 ಡಿಗ್ರಿ ಸೆಲ್ಸಿಯಸ್ ದಾಟಬೇಕು.

ಮೇಣದ ಬೆಲೆಯನ್ನು ನೊಣಗಳು ಜೇನಿನಲ್ಲೇ ತೆರುತ್ತವೆ. ಒಂದು ಕಿಲೋ ಮೇಣಕ್ಕೆ 6ರಿಂದ 8 ಕಿಲೋ ಜೇನು ಖರ್ಚಾಗುತ್ತದೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಯಂತ್ರ ಬಳಸುವವರು ಖಾಲಿ ಎರಿಯನ್ನು ನೊಣಗಳಿಗೆ ವಾಪಸು ಕೊಡುತ್ತಾರೆ, ಅವು ಮರುದಿನದಿಂದಲೇ ಮತ್ತೆ ತುಂಬತೊಡಗುತ್ತವೆ. ಎರಿಜೇನಿನಲ್ಲಿ ಎರಿಯೇ ಹೊರಟುಹೋಗುವುದರಿಂದ ಪ್ರತಿ ಸಲವೂ ಕಟ್ಟಡ ತಳಪಾಯದಿಂದ ಏಳಬೇಕು. ಹಾಗಾಗಿ ಅದೇ ಕುಟುಂಬದಿಂದ ಅದೇ ಸುಗ್ಗಿಯಲ್ಲಿ ಕೈಗೆ ಬರುವ ತೂಕ ಎದ್ದು ಕಾಣುವಷ್ಟು ಕಡಿಮೆ. ತುಡುವೆ ಮೊದಲೇ ಅಲ್ಪ ಇಳುವರಿಯ ನೊಣ, ವರ್ಷಕ್ಕೆ ಒಂದು ಪೆಟ್ಟಿಗೆಯಿಂದ ಐದರಿಂದ ಹತ್ತು ಕಿಲೋ ಬಂದರೆ ಒಳ್ಳೆಯದೇ. ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಜೇನು ಸಾಕುವವರಿಗೆ ಇದು ಸರಿಹೋಗುವ ದಾರಿಯಲ್ಲ. ಮನೆಮಟ್ಟಿಗೆ ಸಾಕುವವರು ತೂಕ ಬಿಟ್ಟುಕೊಟ್ಟು ಪಡೆಯುವುದು ಪರಿಮಳವನ್ನು. ಯಂತ್ರದಲ್ಲಿ ಸಣ್ಣ ಹನಿಗಳಾಗಿ ಗಾಳಿಗೆ ಸಿಡಿದಾಗ, ಬಿಸಿ ಮಾಡಿದಾಗ ಹಾರಿಹೋಗುವ ಹೂವಿನ ವಾಸನೆ ಮುಚ್ಚಳದ ಕೋಶದೊಳಗೆ ಹಾಗೇ ಉಳಿದಿರುತ್ತದೆ.

ಎಲ್ಲ ಹೂವಿನ ಜೇನೂ ಎರಿಯಲ್ಲಿ ಬಾಳುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ರಬ್ಬರ್ ತೋಟಗಳ ನಡುವಿನ ಪೆಟ್ಟಿಗೆಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮಕರಂದ ಧಾರಾಳ. ರಬ್ಬರಿನ ಮಕರಂದ ಬರುವುದು ಹೂವಿನಿಂದಲ್ಲ, ಎಳೆಯ ಎಲೆಯ ತೊಟ್ಟಿನ ತುದಿಯಲ್ಲಿರುವ ಗ್ರಂಥಿಗಳಿಂದ. ಕಾಸಿನ ದೃಷ್ಟಿಯಿಂದ ಕರಾವಳಿಯ ಜೇನು ಕೃಷಿಕರಿಗೆ ಇದೇ ದೊಡ್ಡ ಸುಗ್ಗಿ. ಆದರೆ ರಬ್ಬರ್ ಜೇನು ಬೇಗ ಹರಳುಗಟ್ಟುತ್ತದೆ. ಬಾಟಲಿಯ ಜೇನು ಗಟ್ಟಿಯಾದರೆ ಬಿಸಿನೀರಿನಲ್ಲಿಟ್ಟು ಕರಗಿಸಬಹುದು. ಎರಿಯೊಳಗೆ ಹರಳಾದರೆ ಆ ಉಪಾಯ ನಡೆಯುವುದಿಲ್ಲ, ಬಿಸಿಗೆ ಮೇಣ ಸೊರಗಿ ಕೋಶಗಳು ಕುಸಿಯುತ್ತವೆ. ಬಯಲುಸೀಮೆಯ ಸೂರ್ಯಕಾಂತಿಯ ಜೇನಿನದೂ ಇದೇ ಹಣೆಬರಹ. ರಬ್ಬರ್ ತೋಟಗಳ ಊರಿನವರು ಆ ಜೇನನ್ನು ಯಂತ್ರಕ್ಕೆ ಹಾಕಿ ತೆಗೆದು, ಆಮೇಲೆ ಬರುವ ಕಾಡುಹೂವಿನ ಸುಗ್ಗಿಗೆ ಎರಿಯ ಚೌಕಟ್ಟು ಕೊಡುವುದು ಜಾಣತನ. ಅಂಟುವಾಳ, ಮತ್ತಿ, ನೇರಳೆ ಮುಂತಾದ ಮರಗಳ ಮಿಶ್ರ ಜೇನು ಎರಿಗೆ ಒಳ್ಳೆಯದು. ನೇರಳೆ ಹೂವಿನ ಪಾಲು ಹೆಚ್ಚಿದ್ದರೆ ಬಣ್ಣ ಗಾಢ, ರುಚಿಯಲ್ಲಿ ಸಣ್ಣ ಕಹಿ. ಅದನ್ನೇ ಹುಡುಕಿಕೊಂಡು ಬರುವವರೂ ಇದ್ದಾರೆ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನದಲ್ಲಿ ಕಾಫಿ ಅರಳುತ್ತದೆ. ಆ ಹೂವಿನ ಬಾಳು ಎರಡು ಮೂರು ದಿನ, ಕೋಣೆ ತುಂಬಿಸಲು ಅದೊಂದೇ ಸಾಲದು. ನೊಣಗಳ ಸಂಖ್ಯೆಯನ್ನು ಏರಿಸಿ ಮುಂದಿನ ಕಾಡುಹೂವಿಗೆ ಸಿದ್ಧ ಮಾಡುವುದು ಅದರ ದೊಡ್ಡ ಉಪಕಾರ.

ಸುಗ್ಗಿ ಬಂದಾಗ ಕುಟುಂಬ ತುಂಬಿ ತುಳುಕುತ್ತಿರಬೇಕು. ದುರ್ಬಲ ಕುಟುಂಬವೂ ತನ್ನ ಹೊಟ್ಟೆಗಾಗುವಷ್ಟು ಜೇನು ಕೂಡಿಡುತ್ತದೆ, ಮೇಲಿನ ಕೋಣೆಯಲ್ಲಿ ಹೊಸ ಎರಿ ಕಟ್ಟುವ ಉಸಾಬರಿಗೆ ಮಾತ್ರ ಹೋಗುವುದಿಲ್ಲ. ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಟ್ಟು ಉಳಿಸಿಕೊಂಡ ಕುಟುಂಬಗಳಲ್ಲಿ ಯಾವುದು ಗಟ್ಟಿಮುಟ್ಟಾಗಿದೆ, ಯಾವುದರ ರಾಣಿ ಎಳೆಯದು, ಯಾವುದರ ಎರಿಗಳಲ್ಲಿ ಮೊಟ್ಟೆ ಮರಿಗಳು ಖಾಲಿ ಬಿಡದೆ ಒತ್ತಾಗಿವೆ ಎಂದು ನೋಡಿ ಒಂದನ್ನೋ ಎರಡನ್ನೋ ಎರಿಜೇನಿಗೆ ಆರಿಸಿಕೊಳ್ಳಬೇಕು. ಕುಟುಂಬವನ್ನು ಬಲಪಡಿಸಲು ಬೇರೆ ಪೆಟ್ಟಿಗೆಯ ಮರಿ ಎರಿ ತಂದು ಸೇರಿಸುವ ರೂಢಿ ಇದೆ. ಅದರಲ್ಲಿ ಎಚ್ಚರ ಬೇಕು. 1991-92ರಲ್ಲಿ ದಕ್ಷಿಣ ಭಾರತದ ತುಡುವೆ ಸಂಸಾರಗಳನ್ನು ಬಹುಪಾಲು ಗುಡಿಸಿ ಹಾಕಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಮರಿಗಳಿಗೆ ತಗಲುವಂಥದ್ದು. ಮರಿಗಳು ಚೀಲದಂತೆ ಊದಿ ಸಾಯುತ್ತಿರುವ ಪೆಟ್ಟಿಗೆಯಿಂದ ಏನನ್ನೂ ಇನ್ನೊಂದಕ್ಕೆ ಸಾಗಿಸಬಾರದು.

ಜೇನು ಕೋಣೆ ಇಟ್ಟ ಮೇಲೆ ಸಕ್ಕರೆ ಪಾಕ ಪೂರ್ತಿ ನಿಲ್ಲಬೇಕು. ಪಾಕ ಕೊಟ್ಟರೆ ನೊಣಗಳು ಅದನ್ನೂ ಶ್ರದ್ಧೆಯಿಂದ ಮೇಲಕ್ಕೆ ಸಾಗಿಸಿ, ಕೋಶಕ್ಕೆ ತುಂಬಿ, ಅಂದವಾಗಿ ಮುಚ್ಚಳ ಹಾಕುತ್ತವೆ. ನೋಡಲು ಅಪ್ಪಟ ಎರಿಜೇನು, ಒಳಗಿರುವುದು ಸಕ್ಕರೆ. ಎರಿಯಲ್ಲಿದ್ದರೆ ಕಲಬೆರಕೆ ಇರಲು ಸಾಧ್ಯವೇ ಇಲ್ಲ ಎಂಬ ಮಾತು ಅದಕ್ಕೇ ಅರ್ಧ ಮಾತ್ರ ನಿಜ. ಮೇಣವೇನೋ ನೊಣದ್ದು, ಒಳಗಿನ ರಸಕ್ಕೆ ಜವಾಬ್ದಾರಿ ಸಾಕುವವನದು.

ಎರಿಯನ್ನು ನೇರವಾಗಿ ಕಟ್ಟಿಸಲು ಚೌಕಟ್ಟಿನ ಮೇಲುಪಟ್ಟಿಯಲ್ಲಿ ಉದ್ದಕ್ಕೆ ಕೊರೆದ ಗಾಡಿಯಲ್ಲಿ ಮೇಣದ ಹಾಳೆ ಕೂರಿಸುತ್ತಾರೆ. ಜೇನು ತೆಗೆಯುವ ಯಂತ್ರಕ್ಕೆ ಹೋಗುವ ಎರಿಗಾದರೆ ಪೂರ್ಣ ಹಾಳೆ ಒಳ್ಳೆಯದು. ತಿನ್ನುವ ಎರಿಗೆ ಒಂದೆರಡು ಸೆಂಟಿಮೀಟರ್ ಅಗಲದ ಪಟ್ಟಿ ಸಾಕು. ದಪ್ಪ ಹಾಳೆ ಎರಿಯ ನಡುವೆ ಉಳಿದು ಹಲ್ಲಿಗೆ ಚ್ಯೂಯಿಂಗ್ ಗಮ್ಮಿನಂತೆ ಸಿಗುತ್ತದೆ. ಹಾಳೆ ತುಡುವೆಯ ಅಳತೆಯದೇ ಆಗಿರಬೇಕು. ಮೆಲ್ಲಿಫೆರಾದ ಕೋಶ ಐದು ಮಿಲಿಮೀಟರಿಗಿಂತ ಹೆಚ್ಚು ಅಗಲ, ತುಡುವೆಯದು ಅದಕ್ಕಿಂತ ಚಿಕ್ಕದು. ದೊಡ್ಡ ಅಚ್ಚಿನ ಹಾಳೆ ಕೊಟ್ಟರೆ ಕಟ್ಟಡ ಅಡ್ಡಾದಿಡ್ಡಿಯಾಗುತ್ತದೆ. ಪೇಟೆಯ ಹಾಳೆಗಳಲ್ಲಿ ಪ್ಯಾರಾಫಿನ್ ಬೆರೆತಿರುವ ಸಂಭವವೂ ಉಂಟು. ಇದು ಬಾಯಿಗೆ ಹೋಗುವ ವಸ್ತುವಾದ್ದರಿಂದ ತಮ್ಮದೇ ಪೆಟ್ಟಿಗೆಯ ಶುದ್ಧ ಮೇಣವನ್ನು ಕರಗಿಸಿ ಗಾಡಿಯುದ್ದಕ್ಕೂ ಒಂದು ಗೆರೆ ಎಳೆದು ಬಿಡುವವರಿದ್ದಾರೆ. ಬಲವಾದ ಕುಟುಂಬಕ್ಕೆ ಅಷ್ಟು ಸುಳಿವೇ ಸಾಕಾಗುತ್ತದೆ. ಪೆಟ್ಟಿಗೆ ಮಾತ್ರ ಅಡ್ಡಡ್ಡಲಾಗಿ ಸಮಮಟ್ಟದಲ್ಲಿರಬೇಕು. ನೊಣ ಎರಿಯನ್ನು ಇಳಿಬಿಡುವುದು ತೂಕದ ಗುಂಡು ಇಳಿಬಿಟ್ಟಷ್ಟು ನೆಟ್ಟಗೆ. ಪೆಟ್ಟಿಗೆ ವಾಲಿದ್ದರೆ ಎರಿ ಪಕ್ಕದ ಚೌಕಟ್ಟಿಗೆ ಹೋಗಿ ಅಂಟುತ್ತದೆ.

ರಾಣಿ ಮೇಲೆ ಹತ್ತಿ ಮೊಟ್ಟೆಯಿಟ್ಟರೆ ಆ ಎರಿ ತಿನ್ನಲು ಬಾರದು. ಮರಿ ಬೆಳೆದು ಹೊರಬಿದ್ದ ಕೋಶದಲ್ಲಿ ಅದರ ರೇಷ್ಮೆಯಂಥ ಪೊರೆ ಗೋಡೆಗೆ ಅಂಟಿ ಉಳಿಯುತ್ತದೆ, ಎರಿ ಕಂದಾಗಿ ನಾರುನಾರಾಗುತ್ತದೆ. ಎರಡು ಕೋಣೆಗಳ ನಡುವೆ ರಾಣಿ ತಡೆಯುವ ಜಾಲರಿ ಹಾಕುವುದು ಇದಕ್ಕಾಗಿ. ಜಾಲರಿ ಇದ್ದರೆ ಕೆಲಸಗಾರ ನೊಣಗಳೂ ಮೇಲೇರಲು ಹಿಂಜರಿಯುತ್ತವೆ ಎಂಬ ದೂರಿದೆ. ಮೊದಲ ಕೆಲವು ದಿನ ಜಾಲರಿ ಇಲ್ಲದೆ ಬಿಟ್ಟು, ಎರಿಯ ಕೆಲಸ ಶುರುವಾದದ್ದನ್ನು ಕಂಡ ಮೇಲೆ, ರಾಣಿ ಕೆಳಗಿರುವುದನ್ನು ಖಚಿತಪಡಿಸಿಕೊಂಡು ಹಾಕುವುದು ನಡುದಾರಿ.

ಇನ್ನು ಉಳಿದದ್ದು ಎರಿಜೇನಿನ ಬಹುದೊಡ್ಡ ತೊಡಕು. ಅಂಚಿನವರೆಗೂ ತುಂಬಿದ, ಮೂಲೆ ಖಾಲಿ ಬಿಡದ ಎರಿ ಬೇಕಾದರೆ ನೊಣಗಳಿಗೆ ಜಾಗ ಇಕ್ಕಟ್ಟಾಗಬೇಕು. ಧಾರಾಳವಾಗಿ ಕೋಣೆಯ ಮೇಲೆ ಕೋಣೆ ಪೇರಿಸಿದರೆ ಎಲ್ಲ ಕಡೆ ಅರ್ಧಂಬರ್ಧ ಕಟ್ಟಿ ಬಿಡುತ್ತವೆ. ಆದರೆ ಇಕ್ಕಟ್ಟಾದ ಕುಟುಂಬ ಪಾಲಾಗುತ್ತದೆ: ಹಳೆ ರಾಣಿ ಅರ್ಧದಷ್ಟು ನೊಣಗಳನ್ನು ಕಟ್ಟಿಕೊಂಡು ಹಾರಿಹೋಗುತ್ತದೆ, ಉಳಿದವು ಆ ವರ್ಷ ಮೇಲಿನ ಕೋಣೆಯತ್ತ ತಲೆ ಹಾಕುವುದಿಲ್ಲ. ಅನುಭವಿಗಳು ಹಗ್ಗದ ಮೇಲಿನ ಈ ನಡಿಗೆಯನ್ನು ಒಂದೊಂದೇ ಕೋಣೆ ಕೊಡುತ್ತ ನಿಭಾಯಿಸುತ್ತಾರೆ. ಮೊದಲನೆಯದು ಮುಕ್ಕಾಲು ತುಂಬಿದ ಮೇಲಷ್ಟೇ ಎರಡನೆಯದು. ನಡುವೆ ವಾರಕ್ಕೊಮ್ಮೆ ಸಂಸಾರ ಕೋಣೆಯ ಎರಿಗಳ ಕೆಳ ಅಂಚಿನಲ್ಲಿ ರಾಣಿ ಕೋಶಗಳು ನೇತುಬಿದ್ದಿವೆಯೇ ಎಂದು ನೋಡಿ, ಕಂಡರೆ ತೆಗೆಯಬೇಕು. ಎಳೆ ರಾಣಿಯ ಕುಟುಂಬ ಪಾಲಾಗುವ ಹಟ ಕಡಿಮೆ ಮಾಡುತ್ತದೆ ಎಂಬ ಕಾರಣಕ್ಕೇ ಆರಿಸುವಾಗ ರಾಣಿಯ ವಯಸ್ಸು ನೋಡುವುದು. ಪಾಲಾಗಿ ಹಾರಿ ಕೊಂಬೆಯಲ್ಲಿ ಗುಂಪುಗಟ್ಟಿದ ನೊಣಗಳು ಸುಗ್ಗಿಯ ಆರಂಭದಲ್ಲೇ ಕೈಗೆ ಸಿಕ್ಕರಂತೂ ಹಬ್ಬ. ಹೊಟ್ಟೆ ತುಂಬ ಜೇನು ಹೀರಿಕೊಂಡು, ಹೊಸ ಮನೆ ಕಟ್ಟುವ ಹುರುಪಿನಲ್ಲಿರುವ ಅಂಥ ಗುಂಪಿನಷ್ಟು ಬೇಗ, ಅಷ್ಟು ಬೆಳ್ಳಗೆ ಎರಿ ಕಟ್ಟುವ ಕುಟುಂಬ ಬೇರೆ ಇಲ್ಲ.

ಹೂವಿನಿಂದ ತರುವ ಮಕರಂದದಲ್ಲಿ ಹಲವು ಸಲ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ನೊಣಗಳು ರೆಕ್ಕೆ ಬೀಸಿ ಅದನ್ನು ಆರಿಸಿ, ಹದಕ್ಕೆ ಬಂದ ಮೇಲೆ ಮೇಣದ ಮುಚ್ಚಳ ಹಾಕುತ್ತವೆ. ಹಾಗಾಗಿ ಮುಚ್ಚಳವೇ ಕೊಯ್ಲಿನ ಮುಹೂರ್ತ. ಯಂತ್ರಕ್ಕೆ ಹೋಗುವ ಎರಿಯಲ್ಲಿ ಮುಕ್ಕಾಲು ಭಾಗ ಮುಚ್ಚಿದ್ದರೂ ನಡೆದೀತು. ತಿನ್ನುವ ಎರಿಯಲ್ಲಿ ತೆರೆದ ಕೋಶಗಳು ಬೆರಳೆಣಿಕೆಯಷ್ಟೇ ಇರಬೇಕು, ಏಕೆಂದರೆ ಹಸಿ ಜೇನು ಡಬ್ಬಿಯಲ್ಲಿ ಸೋರುತ್ತದೆ, ಹುಳಿ ಬರುತ್ತದೆ. ಅನುಮಾನ ಬಂದರೆ ಚೌಕಟ್ಟನ್ನು ನೆಲಕ್ಕೆ ಸಮನಾಗಿ ಹಿಡಿದು ಒಮ್ಮೆ ಕೊಡವಬೇಕು. ಹನಿ ಉದುರಿದರೆ ಇನ್ನೂ ಕಾಯಬೇಕು. ಕರಾವಳಿಯ ತೇವದ ಗಾಳಿಯಲ್ಲಿ ತುಡುವೆ ಜೇನು ಸ್ವಭಾವತಃ ತೆಳು. ಆಹಾರ ಸುರಕ್ಷತಾ ಮಾನದಂಡ ಶೇಕಡ 20ರಷ್ಟು ನೀರಿನಂಶದ ಮಿತಿ ಹಾಕಿದ್ದರೆ, ಅಲ್ಲಿ ಮುಚ್ಚಳ ಹಾಕಿದ ಜೇನೂ ಅದನ್ನು ದಾಟುವುದುಂಟು. ಹಾಗೆಂದು ಬಹಳ ಕಾಯುವಂತೆಯೂ ಇಲ್ಲ. ಹೊಸದಾಗಿ ಮುಚ್ಚಿದ ಎರಿ ಹಾಲುಬಿಳುಪು. ಸಾವಿರಾರು ನೊಣಗಳ ಕಾಲು ದಿನವೂ ಅದರ ಮೇಲೆ ಓಡಾಡಿ ಎರಡು ಮೂರು ವಾರದಲ್ಲಿ ಅದು ಹಳದಿಗೆ, ಆಮೇಲೆ ಮಾಸಲು ಕಂದಿಗೆ ತಿರುಗುತ್ತದೆ. ರುಚಿ ಕೆಡುವುದಿಲ್ಲ, ಅಂದ ಕೆಡುತ್ತದೆ. ತುಂಬಿದ ಚೌಕಟ್ಟನ್ನು ಮುಚ್ಚಿದ ವಾರದಲ್ಲೇ ಎತ್ತಿ, ಆ ಜಾಗಕ್ಕೆ ಹೊಸ ಪಟ್ಟಿ ಕಟ್ಟಿದ ಚೌಕಟ್ಟು ಇಡುವವರಿಗೆ ಒಳ್ಳೆಯ ಎರಿ ಸಿಗುತ್ತದೆ.

ಎತ್ತುವ ಕೆಲಸಕ್ಕೆ ಬಿಸಿಲೇರುವ ಮುಂಚಿನ ಬೆಳಗಿನ ಹೊತ್ತು ಅನುಕೂಲ. ರಾತ್ರಿಯ ತಂಪಿಗೆ ಮೇಣ ಬಿಗಿಯಾಗಿರುತ್ತದೆ, ಹಿಂದಿನ ದಿನ ತಂದ ಮಕರಂದದ ನೀರೂ ಒಂದಷ್ಟು ಆರಿರುತ್ತದೆ. ಹೊಗೆತಿದಿಯಿಂದ ಬಾಗಿಲಲ್ಲಿ ಒಂದೆರಡು ಸಲ, ಮುಚ್ಚಳ ಎತ್ತಿದಾಗ ಒಂದು ಸಲ ತೆಳು ಹೊಗೆ ಬಿಟ್ಟರೆ ಸಾಕು. ಎರಿಯ ಮೇಲೆ ನೇರ ಹೊಗೆ ಊದುವುದು ತಪ್ಪು. ಮೇಣ ಹೊಗೆಯ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಗೆಗೆ ಗಾಬರಿಯಾದ ನೊಣಗಳು ಜೇನು ಹೀರಲು ಮುಚ್ಚಳಗಳನ್ನು ಅಲ್ಲಲ್ಲಿ ಕಚ್ಚಿ ತೂತು ಮಾಡುತ್ತವೆ. ಚೌಕಟ್ಟನ್ನು ಮೆಲ್ಲಗೆ ಎತ್ತಿ, ಮೆತ್ತನೆಯ ಬ್ರಷ್ಷಿನಿಂದ ನೊಣಗಳನ್ನು ಪೆಟ್ಟಿಗೆಯೊಳಕ್ಕೆ ಸರಿಸಿ, ತಕ್ಷಣ ಮುಚ್ಚಳವಿರುವ ಪಾತ್ರೆಗೆ ಹಾಕಿ ಮನೆಯೊಳಗೆ ಒಯ್ಯಬೇಕು. ಬಯಲಿನಲ್ಲಿ ಹನಿ ಜೇನು ಚೆಲ್ಲಿದರೂ ಸುತ್ತಲಿನ ಪೆಟ್ಟಿಗೆಗಳ ನೊಣಗಳು ಲೂಟಿಗೆ ಇಳಿಯುತ್ತವೆ. ಕೆಳಗಿನ ಸಂಸಾರ ಕೋಣೆಯ ಎರಿಗಳ ಮೇಲಂಚಿನಲ್ಲಿರುವ ಜೇನನ್ನು ಮುಟ್ಟುವಂತಿಲ್ಲ. ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ನೊಣಗಳ ಉಗ್ರಾಣ.

ಕತ್ತರಿಸಲು ಎರಿಯನ್ನು ಜಾಲರಿಯ ಮೇಲೆ ಮಲಗಿಸುತ್ತಾರೆ, ಅಡಿಯಲ್ಲಿ ತಟ್ಟೆ. ಚೌಕಟ್ಟಿನ ಮೇಲುಪಟ್ಟಿಗೆ ಅಂಟಿಕೊಂಡಂತೆ ಬೆರಳಗಲ ಎರಿ ಬಿಟ್ಟು ಕೊಯ್ದರೆ ನೊಣಗಳಿಗೆ ಮುಂದಿನ ಕಟ್ಟಡಕ್ಕೆ ಅದೇ ಬುನಾದಿ. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒತ್ತದೆ ಗರಗಸದಂತೆ ಎಳೆಯಬೇಕು. ಒತ್ತಿದರೆ ಕೋಶಗಳು ಒಡೆದು ಜೇನು ಮುಚ್ಚಳದ ಮೇಲೆಲ್ಲ ಹರಡುತ್ತದೆ. ಬಿಸಿ ಚಾಕುವಿನ ಅಲಗಿನ ಹಿಂದೆ ಕೊಯ್ದ ಅಂಚಿನ ಕೋಶಗಳು ಸಾಲಾಗಿ ತೆರೆದು, ಪ್ರತಿಯೊಂದರ ಬಾಯಲ್ಲೂ ಒಂದೊಂದು ಮಣಿ ಕೂಡಿ, ಹನಿಗೂಡಿ ಕೆಳಗಿಳಿಯತೊಡಗುತ್ತದೆ. ಈ ಅಂಚು ರಾತ್ರಿಯಿಡೀ ಬಸಿಯಲು ಬಿಡಬೇಕು; ಬಸಿಯದೆ ಡಬ್ಬಿಗೆ ಹಾಕಿದರೆ ಎರಿ ತನ್ನದೇ ಜೇನಿನಲ್ಲಿ ಮುಳುಗಿ ಕೂರುತ್ತದೆ. ಇರುವೆ ಬಾರದ ಹಾಗೆ ತಟ್ಟೆಯನ್ನು ನೀರಿರುವ ಇನ್ನೊಂದು ತಟ್ಟೆಯ ನಡುವೆ ಎತ್ತರದಲ್ಲಿಟ್ಟು, ಮೇಲೆ ಬಟ್ಟೆ ಹೊದಿಸಿದರೆ ಆಯಿತು. ಬೆಳಿಗ್ಗೆ ತುಂಡುಗಳ ಬದಿ ಒಣಗಿರುತ್ತದೆ. ಆಕಾರ ಕೆಟ್ಟ ತುಂಡುಗಳನ್ನು ಬಾಟಲಿಯಲ್ಲಿ ನಿಲ್ಲಿಸಿ, ಸುತ್ತ ಬಸಿದ ಜೇನು ಸುರಿದಿಡುವುದೂ ಒಂದು ಹಳೆಯ ಕ್ರಮ.

ಬಲವಾದ ಕುಟುಂಬದ ಎರಿಯಲ್ಲೂ ಮೇಣದ ಚಿಟ್ಟೆಯ ಮೊಟ್ಟೆಗಳು ಕಣ್ಣಿಗೆ ಕಾಣದಂತೆ ಸೇರಿರಬಹುದು. ಪೆಟ್ಟಿಗೆಯಲ್ಲಿ ನೊಣಗಳು ಅವನ್ನು ಹದ್ದುಬಸ್ತಿನಲ್ಲಿಡುತ್ತವೆ, ಡಬ್ಬಿಯಲ್ಲಿ ಕಾವಲಿಲ್ಲ. ಎರಡು ವಾರದಲ್ಲಿ ಎರಿಯ ಮೇಲೆ ಜೇಡರಬಲೆಯಂಥ ಸುರಂಗ ಕಂಡರೆ ಅದು ಮರಿಹುಳುವಿನ ಕೆಲಸ. ಇದಕ್ಕೆ ಮದ್ದು ಚಳಿ. ಡಬ್ಬಿಯನ್ನು ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಎರಡು ದಿನ ಇಟ್ಟರೆ ಮೊಟ್ಟೆ, ಹುಳು ಎಲ್ಲ ಸಾಯುತ್ತವೆ. ಹೊರತೆಗೆದ ಮೇಲೆ ಪೂರ್ತಿ ಮನೆಯ ಬಿಸುಪಿಗೆ ಬರುವವರೆಗೆ ಸುತ್ತಿದ್ದನ್ನು ಬಿಚ್ಚಬಾರದು. ಬಿಚ್ಚಿದರೆ ಗಾಳಿಯ ತೇವ ತಣ್ಣನೆಯ ಎರಿಯ ಮೇಲೆ ಬೆವರಾಗಿ ಕೂತು ಹುಳಿಗೆ ದಾರಿಯಾಗುತ್ತದೆ. ವರ್ಷಗಟ್ಟಲೆ ಇಡುವ ಆಸೆಯಿದ್ದರೆ ಫ್ರೀಜರಿನಲ್ಲೇ ಬಿಡಬಹುದು. ಫ್ರಿಜ್ಜಿನ ಕೆಳಗಿನ ಭಾಗ ಮಾತ್ರ ಬೇಡ, ಅಲ್ಲಿನ ನಸು ತಂಪಿಗೆ ಜೇನು ಬೇಗ ಹರಳಾಗುತ್ತದೆ.

ತಿನ್ನುವುದಕ್ಕೆ ವಿಧಿ ಏನಿಲ್ಲ. ಬಿಸಿ ದೋಸೆಯ ಮೇಲೋ ಅಕ್ಕಿರೊಟ್ಟಿಯ ಮೇಲೋ ತುಂಡು ಇಟ್ಟು ಚಮಚದ ಬೆನ್ನಿನಿಂದ ಒತ್ತಿದರೆ ಮೇಣ ಮೆದುವಾಗಿ ಹರಡುತ್ತದೆ. ಬರಿದೇ ಅಗಿದು ಕೊನೆಗೆ ಉಳಿಯುವ ಮೇಣದ ಉಂಡೆಯನ್ನು ಉಗಿಯುವವರು ಉಗಿಯುತ್ತಾರೆ. ನುಂಗಿದರೂ ಬಾಧಕವಿಲ್ಲ, ಜೀರ್ಣವಾಗದೆ ಹಾಗೆಯೇ ಹೊರಹೋಗುತ್ತದೆ. ವರ್ಷ ತುಂಬದ ಕೂಸಿಗೆ ಮಾತ್ರ ಎರಿಯಾಗಲಿ ಬಾಟಲಿಯದಾಗಲಿ ಜೇನು ನೆಕ್ಕಿಸಬಾರದು. ಬಾಟುಲಿಸಂ ಎಂಬ ಅಪರೂಪದ, ಆದರೆ ಪ್ರಾಣಕ್ಕೆ ಕುತ್ತು ತರುವ ವಿಷಬಾಧೆಯ ಬೀಜಾಣುಗಳು ಜೇನಿನಲ್ಲಿರುವ ಸಾಧ್ಯತೆಯಿದೆ.

ಕೊಯ್ದುಳಿದ ಚೂರುಪಾರು, ಅರ್ಧ ತುಂಬಿದ ಎರಿ, ತಟ್ಟೆಗೆ ಬಸಿದ ಜೇನು ಯಾವುದೂ ದಂಡವಲ್ಲ. ಚೂರುಗಳನ್ನು ಕಿವುಚಿ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಮನೆಖರ್ಚಿನ ಜೇನು ಇಳಿಯುತ್ತದೆ. ಉಳಿದ ಮೇಣವನ್ನು ತೊಳೆದು, ನೀರಿನೊಂದಿಗೆ ಕಾಯಿಸಿ, ಸೋಸಿ ಆರಲು ಬಿಟ್ಟರೆ ಮೇಲೆ ಹಳದಿ ಬಿಲ್ಲೆಯಾಗಿ ಕಟ್ಟುತ್ತದೆ. ಮುಂದಿನ ಸುಗ್ಗಿಗೆ ಚೌಕಟ್ಟಿಗೆ ಎಳೆಯುವ ಗೆರೆಗೆ ಅದೇ ಆಯಿತು. ಜೇನು ಮೆತ್ತಿದ ಚೌಕಟ್ಟುಗಳನ್ನು ಸಂಜೆ ಕತ್ತಲಾಗುವ ಹೊತ್ತಿಗೆ ಅದೇ ಪೆಟ್ಟಿಗೆಯ ಮೇಲಿಟ್ಟರೆ ರಾತ್ರಿ ಕಳೆಯುವುದರಲ್ಲಿ ನೊಣಗಳು ನೆಕ್ಕಿ ಒಣಗಿಸಿರುತ್ತವೆ. ಮೇ ಕೊನೆಯ ಹೊತ್ತಿಗೆ ಮೇಲಿನ ಕೋಣೆ ಇಳಿಸಿ, ಒಣಗಿಸಿ, ಚಿಟ್ಟೆ ನುಗ್ಗದಂತೆ ಕಟ್ಟಿ ಅಟ್ಟಕ್ಕೆ ಹಾಕಬೇಕು. ಮಳೆಗಾಲದಲ್ಲಿ ಸೊರಗುವ ಕುಟುಂಬಕ್ಕೆ ಖಾಲಿ ಜಾಗ ಹೆಚ್ಚಿದ್ದಷ್ಟೂ ಬೆಚ್ಚಗಿಟ್ಟುಕೊಳ್ಳುವುದು ಕಷ್ಟ.